ಐನೂರು ಫಿಲ್ಸಿನ ಮುಖ

ಮುಹರ್ರಕ್ಕಿನ ಈ ಗಲ್ಲಿಯ ಮೇಲೆ ವಿಮಾನ ಇಳಿಯುವಾಗಲೆಲ್ಲ
ನನ್ನ ಕನ್ನಡಿ ಸಣ್ಣಗೆ ನಡುಗುತ್ತದೆ.
ಕುರ್ಚಿಯಲ್ಲಿ ಕೂತವನ ಮುಖ ಒಂದು ಗಳಿಗೆ
ಯಾರದ್ದೂ ಅಲ್ಲದ ಹಾಗೆ ಕದಡಿ
ಮತ್ತೆ ಅವನದ್ದೇ ಆಗಿ ಕೂಡಿಕೊಳ್ಳುತ್ತದೆ.
ಕೂಡಿಕೊಂಡದ್ದು ಸರಿಯಿದೆಯಾ ಎಂದು
ನೋಡಿಕೊಳ್ಳದ ಗಂಡಸನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ಕಂಡಿಲ್ಲ.

ಗುರುವಾರ ರಾತ್ರಿ ತೌಸೀಫ್ ಬಂದ. ಉಳ್ಳಾಲದ ಹುಡುಗ,
ಅತ್ತರಿನಂಗಡಿಯಲ್ಲಿ ಕೆಲಸ, ಬೆವರಿಗೂ ಊದ್ ವಾಸನೆ.
ಫೋನು ಅವನ ಮುಖದ ಮೇಲೆ ಗೆರೆ ಎಳೆದಿತ್ತು,
ಸರ್ವೆಯವರು ಜಾಗಕ್ಕೆ ಎಳೆದ ಹಾಗೆ:
ಕೂದಲಂಚಿನಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ಬುಡಕ್ಕೆ,
ಅಲ್ಲಿಂದ ಗದ್ದಕ್ಕೆ.
ಮೂರೂ ಸಮ ಇರಬೇಕಂತೆ.
ದವಡೆ ಅಗಲ ಇದ್ದರೆ ಗಂಡು ಅಂತೆ.
ಎರಡು ಕಣ್ಣಿನ ನಡುವೆ
ಮೂರನೆಯ ಕಣ್ಣು ಹಿಡಿಸುವಷ್ಟು ಜಾಗ ಬೇಕಂತೆ.
'ನನ್ನದು ಕೆಳಗಿನ ಪಾಲು ಕಮ್ಮಿ, ಭಂಡಾರಿಯಣ್ಣ,
ನೂರಕ್ಕೆ ಅರವತ್ತೊಂದು ಕೊಟ್ಟಿದೆ.'
ಪಾಸಾಯ್ತಲ್ಲ ಮಾರಾಯ, ಅಂದೆ.
ಅವನು ನಗಲಿಲ್ಲ.

ಈ ಲೆಕ್ಕ ನನ್ನಪ್ಪನಿಗೂ ಗೊತ್ತಿತ್ತು.
ಹಣೆ ಮೂರು ಬೆರಳು, ಮೂಗು ಮೂರು ಬೆರಳು, ಗದ್ದ ಮೂರು ಬೆರಳು.
ಆದರೆ ಅಪ್ಪ ಅಳೆಯುತ್ತಿದ್ದದ್ದು
ಕೂತವನದ್ದೇ ಕೈ ಹಿಡಿದು, ಅವನದ್ದೇ ಬೆರಳಲ್ಲಿ.
ಹಾಗಾಗಿ ನಮ್ಮ ಅಂಗಡಿಯಲ್ಲಿ ಯಾರೂ ಫೇಲಾಗುತ್ತಿರಲಿಲ್ಲ.

ಕೆನ್ನೆಯ ಮೇಲೆ ತೆಳುವಾಗಿಸಿ
ಗದ್ದದ ಕೆಳಗೆ ಒಂದು ಬೆರಳಷ್ಟು ಗಡ್ಡ ಬಿಟ್ಟೆ.
ಕೂದಲಿನಲ್ಲಿ ಎಲುಬು ಕಟ್ಟುವುದು ನಮ್ಮ ಕಸುಬು.
ಬ್ಲೇಡಿನ ಗೆರೆ ಎಲ್ಲಿ ನಿಲ್ಲುತ್ತದೋ
ಅಲ್ಲಿಂದ ದವಡೆ ಶುರು.
ಮತ್ತೆ ಫೋನಿಗೆ ಮುಖ ತೋರಿಸಿದ: ಎಪ್ಪತ್ತನಾಲ್ಕು.
ಹದಿಮೂರು ಅಂಕ ನನ್ನ ಕೈಯದ್ದು. ಆದರೂ ಹೇಳುತ್ತೇನೆ,
ಅವನು ಎದ್ದು ನಿಂತಾಗ ನಿಜಕ್ಕೂ ಚಂದ ಕಂಡ,
ಅಂಕದಿಂದಲೋ ಕತ್ತರಿಯಿಂದಲೋ ನನಗೆ ಗೊತ್ತಿಲ್ಲ.
ಬೆನ್ನು ನೆಟ್ಟಗಿತ್ತು.

ಬೆಂಚಿನಲ್ಲಿ ಕಾಯುತ್ತಿದ್ದವನು ದಾಮೋದರ ಖಾರ್ವಿ,
ಹಿದ್ದಿನ ಹಡಗುಕಟ್ಟೆಯ ವೆಲ್ಡರ್.
ಎಸಿಯ ಬಾಯಿಗೆ ಮುಖ ಕೊಟ್ಟು ಮಲಗಿದ್ದಕ್ಕೆ ಎನ್ನುತ್ತದೆ ಕ್ಯಾಂಪು,
ನರ ಊದಿದೆ ಎನ್ನುತ್ತಾನೆ ಡಾಕ್ಟರು.
ಎಡಗಡೆ ಪೂರಾ ಜಾರಿದೆ. ಕಣ್ಣು ಮುಚ್ಚುವುದಿಲ್ಲ,
ಕುಡಿದ ಚಹಾ ಅಂಗಿಗೂ ಒಂದು ಪಾಲು.
ಮೂರು ವಾರದಿಂದ ಹೆಂಡತಿಗೆ
ಕ್ಯಾಮರಾ ಕೆಟ್ಟಿದೆ ಎಂಬ ಸುಳ್ಳು.
'ಎರಡೂ ಬದಿ ಒಂದೇ ಕಾಣುವ ಹಾಗೆ ಏನಾದರೂ ಮಾಡು.'

ಕೆನ್ನೆ ಉಬ್ಬಿಸು ಅಂದುಬಿಟ್ಟೆ, ರೂಢಿ.
ಉಬ್ಬಿಸಿದ. ಎಡಗಡೆಯಿಂದ ಗಾಳಿ
ಪುಸ್ಸೆಂದು ಹೋಗಿ ನೊರೆ ಕನ್ನಡಿಗೆ ಹಾರಿತು.
ಇಬ್ಬರೂ ನಕ್ಕೆವು. ಅವನ ನಗು
ಮೂಗಿನ ತನಕ ಬಂದು ನಿಂತಿತು.
ಹೆಬ್ಬೆರಳಲ್ಲಿ ತೊಗಲು ಎಳೆದು ಹಿಡಿದು ಬೋಳಿಸಿದೆ;
ಬೆಚ್ಚಗಿತ್ತು, ಬಲಗಡೆಯಷ್ಟೇ.

ಕುರ್ಚಿಯಿಂದಲೇ ಕರೆ ಮಾಡಿದ,
ಬಲಗೆನ್ನೆಯನ್ನು ಫೋನಿಗೆ ಕೊಟ್ಟು,
ನಾಣ್ಯದ ಮೇಲಿನ ರಾಜನ ಹಾಗೆ.
'ಎಂತಕ್ಕೆ ಓರೆ ಕೂತ್ಕಂಡ್ರಿ? ಈಚಿ ಬದಿ ತಿರ್ಗಿ, ಕಾಂಬ.'
ತಿರುಗಿದ.
ಆಚೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು,
ಅಷ್ಟೇ ಕೇಳಿಸಿದ್ದು, ಸುಮಾರು ಹೊತ್ತು.
ಮತ್ತೆ ಅವಳು: 'ಮೀಸೆ ಒಂದ್ ಬದಿ ದಪ್ಪ ಆಯ್ತ್.
ಆ ಭಂಡಾರಿಗೆ ಹೇಳಿ, ಸಮ ಮಾಡ್ಲಿ.'

ಬೇಕೆಂದೇ ಬಿಟ್ಟಿದ್ದೆ,
ಇಳಿದ ತುಟಿಯನ್ನು ಮುಚ್ಚಲಿ ಎಂದು.
ಇಂಥ ಕಳ್ಳಕೆಲಸ ಇಷ್ಟು ವರ್ಷದಲ್ಲಿ ಯಾರೂ ಹಿಡಿದಿರಲಿಲ್ಲ.
ಕತ್ತರಿ ತೆಗೆದೆ. ಅವಳು ನೋಡುತ್ತಿದ್ದಳು,
'ಇನ್ನೂ ಸ್ವಲ್ಪ' ಎನ್ನುತ್ತ.
ಸಮವಾದ ಮೀಸೆಯ ಕೆಳಗೆ ತುಟಿ ಹೇಗಿತ್ತೋ ಹಾಗೇ ಕಂಡಿತು.

ಖಾರ್ವಿ ಐನೂರು ಫಿಲ್ಸ್ ಮೇಜಿನ ಮೇಲಿಟ್ಟ.
ಇವತ್ತು ಬೇಡ ಅಂದೆ.
'ತಗೋ, ತಪ್ಪು ಮಾಡಿದ್ದಕ್ಕೆ' ಅಂದು
ಅರ್ಧ ಮುಖದಲ್ಲಿ ಹೊರಟ.

ಶನಿವಾರ ತೌಸೀಫ್ ಮತ್ತೆ ಹಾಜರು.
ಈ ಸಲ ಕಿವಿ. ಹುಬ್ಬಿಗಿಂತ ಮೇಲೆ ಹೋಗಿದೆಯಂತೆ,
ಅದಕ್ಕೆ ನಾಲ್ಕು ಅಂಕ ಕಳೆದಿದೆಯಂತೆ.
ಕಿವಿಗೆ ನಾನೇನು ಮಾಡಲಿ?
ಕೂರು, ಅಂದೆ. ಕೈ ಕೊಡು.
ಅಂಗೈ ಮೇಲೆ ಮಾಡಿ ಚಾಚಿದ.
'ಭವಿಷ್ಯ ಬೇರೆ ಹೇಳ್ತೀಯಾ ಅಣ್ಣ?'